ಸಾಮಾನ್ಯ ಸೀಟಿನ ದೇಶ

ಹನೂರು ಬಸ್ ಸ್ಟ್ಯಾಂಡ್

ಹನೂರಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗವ್ವ?" ಅಂದ. ಬೆಳಗಿನಿಂದ ಸಿಕ್ಕವರಿಗೆಲ್ಲ ಒಂದೇ ಉತ್ತರ ಹೇಳಿ ನಾಲಿಗೆಗೆ ರೂಢಿಯಾಗಿತ್ತು, "ಅಮೆರಿಕಾಕ್ಕೆ" ಅಂದುಬಿಟ್ಟೆ. ಅವನು ತಲೆ ಎತ್ತಲಿಲ್ಲ. "ಅಲ್ಲಿಗೆ ಈ ಬಸ್ಸು ಓಗಲ್ಲ. ಕೊಳ್ಳೇಗಾಲದಲ್ಲಿ ಇಳ್ಕಂಡು ಬ್ಯಾರೆ ಬಸ್ಸು ಇಡ್ಕಳಿ. ಆಧಾರ್ ಕಾರ್ಡು ತೋರ್ಸಿ" ಅಂದ. ನಾನು ಗಡಿಬಿಡಿಯಲ್ಲಿ ಪಾಸ್‌ಪೋರ್ಟು ತೆಗೆದು ತೋರಿಸಿದೆ. ಅದನ್ನು ಹಿಂದೆ ಮುಂದೆ ತಿರುಗಿಸಿ, ಫೋಟೋಕ್ಕೂ ನನ್ನ ಮುಖಕ್ಕೂ ತಾಳೆ ನೋಡಿ, ಹೆಂಗಸರ ಉಚಿತ ಟಿಕೆಟ್ಟು ಹರಿದು ಕೊಟ್ಟ. ನನ್ನ ಪಾಸ್‌ಪೋರ್ಟನ್ನು ಮೊಟ್ಟಮೊದಲು ತಪಾಸಣೆ ಮಾಡಿದ ಅಧಿಕಾರಿ ಅವನೇ.

ನಾನು ಯಾರೆಂದು ಹೇಳಬೇಕು. ಹೆಸರು ಮಾದಮ್ಮ. ಲೊಕ್ಕನಹಳ್ಳಿ ದಾಟಿ ಕಾಡಿನ ಕಡೆ ಹೋದರೆ ಸಿಗುವ ಒಂದು ಊರಿನವಳು. ಕೊಳ್ಳೇಗಾಲದಲ್ಲಿ ಪಿಯುಸಿ ಓದಿದೆ, ಆಮೇಲೆ ಹೊಲಿಗೆ ಕಲಿತೆ. ನಮ್ಮೂರ ಅರ್ಧ ಹೆಂಗಸರ ರವಿಕೆ ಅಳತೆ ನನ್ನ ತಲೆಯಲ್ಲಿದೆ. ಊರ ಕೊನೆಯ ಬೀದಿ ನಮ್ಮದು. ಕೊನೆಯ ಬೀದಿ ಅಂದರೆ ಯಾರ ಬೀದಿ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಯಿತು, ನಿಂತೆ, ಗೆದ್ದೆ. ಅಧ್ಯಕ್ಷರ ಸ್ಥಾನವೂ ಅದೇ ವರ್ಗಕ್ಕೆ ಬಂತು, ಅಧ್ಯಕ್ಷೆಯಾದೆ. ಆದರೆ ನಾನು ಗೆದ್ದೆ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. "ಮೀಸಲಾತಿ ಬಂತು" ಅನ್ನುತ್ತಾರೆ, ಮಳೆ ಬಂತು ಅನ್ನುವ ಹಾಗೆ.

ನಾನು ಕುರ್ಚಿಯಲ್ಲಿ ಕೂತ ವಾರದಲ್ಲೇ ಪಂಚಾಯಿತಿ ಕಚೇರಿಯ ಸ್ಟೀಲ್ ಲೋಟಗಳು ಕಾಣೆಯಾದವು. ಎಲ್ಲರಿಗೂ ಪೇಪರ್ ಲೋಟದಲ್ಲಿ ಟೀ ಬರತೊಡಗಿತು. "ತೊಳಿಯೋ ತಾಪತ್ರಯ ಇಲ್ಲ ನೋಡಿ ಮೇಡಂ" ಅಂದರು. ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ, ಎಲ್ಲರ ಕೈಯಲ್ಲೂ ಅದೇ ಲೋಟ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ನಮ್ಮ ಬೀದಿಗೆ ಕುಡಿಯುವ ನೀರಿನ ಪೈಪು ಹಾಕಿಸಲು ಹೊರಟೆ. ಪೈಪು ಶಾಲೆಯ ತಿರುವಿನವರೆಗೆ ಬಂದು ನಿಂತಿದೆ. ನನ್ನ ಅವಧಿಯೂ ಮುಗಿಯುತ್ತ ಬಂದಿತ್ತು. ಇನ್ನೊಂದು ಸಲ ಗೆದ್ದರೆ ಆ ತಿರುವು ದಾಟಿಸಬಹುದು. ನನಗಿದ್ದ ಆಸೆ ಅದೊಂದೇ.

ಅಷ್ಟರಲ್ಲಿ ಈ ಪ್ರಯಾಣ ಒದಗಿತು. ಅಮೆರಿಕಾದ ಒಂದು ಹೆಂಗಸರ ಸಂಘ ನಮ್ಮ ರಾಜ್ಯದ ಕೆಲವು ಪಂಚಾಯಿತಿ ಅಧ್ಯಕ್ಷೆಯರನ್ನು ತಮ್ಮ ದೇಶದ ಅಧ್ಯಕ್ಷರ ಚುನಾವಣೆ ನೋಡಲು ಕರೆದಿತ್ತು, ಒಬ್ಬೊಬ್ಬರನ್ನು ಒಂದೊಂದು ಊರಿಗೆ. "ಅವ್ರ ಅಧ್ಯಕ್ಸ್ರೂ ಅಧ್ಯಕ್ಸ್ರೇ, ನೀನೂ ಅಧ್ಯಕ್ಸ್ರೇ. ಓಗ್ಬುಟ್ಟು ಬಾ" ಅಂದರು ನನ್ನ ಗಂಡ ಸಿದ್ದರಾಜು, ನನ್ನ ಚೀಲವನ್ನು ಬಸ್ಸಿಗೆ ಏರಿಸುತ್ತ.

ಮೋಡದ ಮೇಲೆ

ವಿಮಾನದಲ್ಲಿ ಹಗಲು ಯಾವುದು ಇರುಳು ಯಾವುದು ತಿಳಿಯಲಿಲ್ಲ. ಸೂರ್ಯನ ಬೆನ್ನು ಹತ್ತಿ ಹೋಗುತ್ತಿದ್ದೆವೋ ಏನೋ, ಒಂದು ಸಂಜೆ ಎಷ್ಟು ಹೊತ್ತಾದರೂ ಮುಗಿಯಲೇ ಇಲ್ಲ. ಕೆಳಗೆ ಬರೀ ಮೋಡ. ಬಿಳಿಗಿರಿರಂಗನ ಬೆಟ್ಟದ ಮೇಲೆ ನಿಂತರೆ ಬೆಳಗಿನ ಹೊತ್ತು ಕಾಲ ಕೆಳಗೆ ಕಾಣುತ್ತದಲ್ಲ, ಅಂಥದೇ. ಅದರ ಕೆಳಗೆ ಯಳಂದೂರಿನ ಗದ್ದೆಗಳಿವೆ, ಮಂಜು ಸರಿದರೆ ಕಾಣುತ್ತವೆ ಎಂದು ಕಿಟಕಿಗೆ ಹಣೆ ಒತ್ತಿ ಕಾದೆ. ಇದ್ದದ್ದು ಸಮುದ್ರವಂತೆ.

ಅರೆನಿದ್ದೆಯಲ್ಲಿ ಒಂದು ಕನಸು. ನಮ್ಮ ಬೀದಿಗೆ ಪೈಪು ಬಂದಿದೆ, ನಲ್ಲಿ ತಿರುಗಿಸಿದರೆ ನೀರಿನ ಬದಲು ಮೋಡ ಬರುತ್ತಿದೆ. ಹೆಂಗಸರೆಲ್ಲ ಬಿಂದಿಗೆ ತುಂಬಿಕೊಂಡು ಹೋಗುತ್ತಿದ್ದಾರೆ, ಯಾರ ಸೊಂಟಕ್ಕೂ ಭಾರವಿಲ್ಲ. ಯಾರೋ ಭುಜ ಮುಟ್ಟಿದರು. ಕಣ್ಣು ಬಿಟ್ಟರೆ ಗಗನಸಖಿ ಊಟದ ತಟ್ಟೆ ಹಿಡಿದು ನಿಂತಿದ್ದಾಳೆ. "ನನ್ ಬಿಂದ್ಗೆ ಎಲ್ಲಿ?" ಎಂದು ಅವಳನ್ನು ಕೇಳಿಬಿಟ್ಟೆ. ಪಾಪ, ಅವಳು ನಗುತ್ತ ಒಂದು ಬಾಟಲಿ ನೀರು ಕೊಟ್ಟು ಹೋದಳು.

ಇಳಿದ ಮೇಲೆ ತಪಾಸಣೆಯವರು ನನ್ನ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಬಿಚ್ಚಿಸಿದರು. ಕಪ್ಪಗಿರುವ ಇದೇನು ಎಂದು ಕೇಳಿದರು. ಇಂಗ್ಲಿಷಿನಲ್ಲಿ ಹುಚ್ಚೆಳ್ಳಿಗೆ ಏನೆನ್ನುತ್ತಾರೆ? ಹುಚ್ಚು ಅಂದರೆ ಮ್ಯಾಡ್, ಎಳ್ಳು ಅಂದರೆ ಸೀಡ್ ಎಂದು ಜೋಡಿಸಿ "ಮ್ಯಾಡ್ ಸೀಡ್ ಪೌಡರ್" ಅಂದೆ. ತಕ್ಷಣ ಇನ್ನಿಬ್ಬರು ಅಧಿಕಾರಿಗಳು ಓಡಿ ಬಂದರು. ತಿಂದರೆ ಹುಚ್ಚು ಹಿಡಿಯುತ್ತದೆ ಎಂದುಕೊಂಡರೋ ಏನೋ. ನಾನು ಅಂಗೈ ಮೇಲೆ ಹಾಕಿಕೊಂಡು ನೆಕ್ಕಿ ತೋರಿಸಿದೆ. ನನಗೆ ಹುಚ್ಚು ಹಿಡಿಯುವುದನ್ನು ಸ್ವಲ್ಪ ಹೊತ್ತು ಕಾದು ನೋಡಿ ಬಿಟ್ಟುಕೊಟ್ಟರು.

ಹೊರಗೆ ಶಾರದಕ್ಕ ಕಾಯುತ್ತಿದ್ದರು, ನನ್ನ ಮಾತನ್ನು ಅಲ್ಲಿಯವರಿಗೂ ಅಲ್ಲಿಯವರ ಮಾತನ್ನು ನನಗೂ ದಾಟಿಸಲು ಸಂಘ ಗೊತ್ತು ಮಾಡಿದ್ದ ಹೆಂಗಸು. ಯಳಂದೂರಿನಲ್ಲಿ ಹುಟ್ಟಿ, ಮದುವೆಯಾಗಿ ಈ ದೇಶಕ್ಕೆ ಬಂದು, ಇಲ್ಲೇ ಲೈಬ್ರರಿಯಲ್ಲಿ ಕೆಲಸ ಮಾಡುತ್ತ ಅರ್ಧ ಆಯಸ್ಸು ಕಳೆದವರು. ಪ್ಯಾಂಟು, ಕೋಟು, ಕತ್ತರಿಸಿದ ಕೂದಲು. ಬಾಯಿ ತೆರೆದರೆ ಮಾತ್ರ, "ಬಂದ್ಯಾ ಕುಸಾ? ಉಂಡ್ಯಾ? ಯಾಕಿಂಗ್ ಸೊರಗೋಗಿದೀಯೆ?" ನಮ್ಮಜ್ಜಿಯೇ ಎದುರು ನಿಂತ ಹಾಗಾಯಿತು. ನಮ್ಮೂರಲ್ಲೇ ಈಗ ಆ ಕನ್ನಡ ಅರ್ಧ ಸವೆದಿದೆ. ಅವರು ಅದನ್ನು ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಮಡಿಕೆ ಕೆಡದಂತೆ ಇಟ್ಟುಕೊಂಡಿದ್ದರು.

ಅಲ್ಲಿಂದ ಮುಂದೆ ನಾನು ಕೇಳಿದ ಅಮೆರಿಕಾವೆಲ್ಲ ಶಾರದಕ್ಕನ ಬಾಯಿಂದಲೇ. ಹಾಗಾಗಿ ನನ್ನ ಕಿವಿಗೆ ಆ ದೇಶದ ಬಿಳಿಯರು, ಕರಿಯರು, ಪಾದ್ರಿಗಳು, ಪೊಲೀಸರು ಎಲ್ಲರೂ ಯಳಂದೂರಿನವರೇ. ಮುಂದೆ ನಾನು ಬರೆಯುವ ಅವರ ಮಾತುಗಳನ್ನು ಓದಿ ಯಾರೂ ಬೆಚ್ಚಬಾರದು.

ಲೊರೇನ್ ಮನೆ

ನಾನು ಉಳಿದುಕೊಂಡದ್ದು ಲೊರೇನ್ ಎಂಬ ಹೆಂಗಸಿನ ಮನೆಯಲ್ಲಿ. ಕರಿಯರು, ಅರವತ್ತು ದಾಟಿದವರು. ಬಹಳ ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಎತ್ತರದ ಆಳು, ಧ್ವನಿಯೂ ಬಸ್ಸಿನ ಕೊನೆಯ ಸೀಟಿಗೆ ಕೇಳಿಸುವಂಥದು. ಆ ಊರಿನ ಪಕ್ಕ ಒಂದು ಹೊಳೆ. ಬೆಳಿಗ್ಗೆ ಹೊಳೆಯಿಂದ ಮಂಜೆದ್ದು ಮನೆಗಳ ಸೊಂಟದವರೆಗೆ ನಿಲ್ಲುತ್ತಿತ್ತು, ಮನೆಗಳು ತೇಲುತ್ತಿವೆ ಅನ್ನಿಸುತ್ತಿತ್ತು. ನಿದ್ದೆ ಕೆಟ್ಟ ನನಗೆ ಆ ಹದಿನೈದು ದಿನವೂ ಯಾವುದು ಎಚ್ಚರ ಎಂಬುದರ ಬಗ್ಗೆ ಸಣ್ಣ ಅನುಮಾನ ಇದ್ದೇ ಇತ್ತು.

ಮೊದಲ ಸಂಜೆ ಅವರ ಸಂಘದ ಹಾಲ್‌ನಲ್ಲಿ ನನ್ನ ಪರಿಚಯ. ಶಾರದಕ್ಕ ಎದ್ದು ನಿಂತು ನನ್ನ ಹೆಸರು, ಹುದ್ದೆ ಹೇಳಿದರು: ಮಾದಮ್ಮ, ಪ್ರೆಸಿಡೆಂಟ್. ಇಷ್ಟೇ. ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ಎದ್ದು ನಿಂತುಬಿಟ್ಟರು. ಚಪ್ಪಾಳೆ. ಮುಂದಿನ ಸಾಲಿನ ಮುದುಕಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಗಾಬರಿ. ಪಂಚಾಯಿತಿ ಅಧ್ಯಕ್ಷರಿಗೆ ಇಲ್ಲಿ ಇಷ್ಟು ಮರ್ಯಾದೆಯೇ? ಶಾರದಕ್ಕ ಕಿವಿಯಲ್ಲಿ ಹೇಳಿದರು, "ನಿನ್ನೆಸ್ರು ಅವ್ರಿಗೆ ಮೇಡಂ ಅಂತ ಕೇಳ್ಸದೆ ಕನವ್ವ. ಮೇಡಂ ಪ್ರೆಸಿಡೆಂಟ್! ಆ ಎರಡು ಮಾತು ಜೊತೇಲಿ ಕೇಳ್ಬೇಕು ಅಂತ ಎಸ್ಟೋ ಕಾಲದಿಂದ ಕಾಯ್ತಾವ್ರೆ ಇವ್ರು."

ಆ ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತವರಲ್ಲಿ ಒಬ್ಬರು ಹೆಂಗಸು, ಬಿಳಿ ಬಣ್ಣದವರಲ್ಲ. ನನ್ನ ಅವ್ವ ಮಾದೇಶ್ವರನ ನೆನೆದು ಇಟ್ಟ ಹೆಸರು ಅಲ್ಲಿ ಹೋಗಿ ಒಂದು ಗಳಿಗೆ ಅವರ ಆಸೆಯನ್ನು ಹೊತ್ತುಕೊಂಡಿತ್ತು. ಆಮೇಲೆ ನಾನು ಎಲ್ಲಿ ಹೋದರೂ ಆ ಹೆಂಗಸರು "ಮೇಡಂ-ಅ" ಎಂದು ಕೂಗಿ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಮಾರನೆಯ ದಿನ ಶಾರದಕ್ಕ ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಲೊರೇನ್ ಮತ್ತು ನಾನು ಇಬ್ಬರೇ. ನನ್ನ ಪಿಯುಸಿ ಇಂಗ್ಲಿಷನ್ನು ಒಟ್ಟುಮಾಡಿಕೊಂಡು ನಮ್ಮೂರಲ್ಲಿ ಯಾರಾದರೂ ಮೊದಲು ಕೇಳುವ ಪ್ರಶ್ನೆಯನ್ನು ಕೇಳಿದೆ, "ಯುವರ್ ಪ್ರೆಸಿಡೆಂಟ್ ಸೀಟ್, ಜನರಲ್ಲಾ?" ಲೊರೇನ್ ಬಹಳ ಯೋಚಿಸಿ ಕೈಯಾಡಿಸಿದರು. ಆಮೇಲೆ ಸೆಟೆದು ನಿಂತು ಒಂದು ಸಲ್ಯೂಟ್ ಹೊಡೆದು, ಬೆರಳುಗಳನ್ನು ಮಡಿಸಿ ಏನೋ ಎಣಿಸಿದರು. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಬಂದ ಶಾರದಕ್ಕ ಬಾಗಿಲಲ್ಲೇ ನಗತೊಡಗಿದರು. "ಮಿಲ್ಟ್ರಿ ಜನರಲ್ ಅನ್ಕಂಡವ್ರೆ ಕನವ್ವ! ಈಗ ನಿಂತಿರೋರು ಅಲ್ಲ, ಆದ್ರೆ ಮೊದ್ಲು ಕೆಲವ್ರು ಜನರಲ್‌ಗಳೂ ಅಧ್ಯಕ್ಸರಾಗವ್ರೆ ಅಂತವ್ರೆ."

ನಾನು ಬಿಡಿಸಿ ಕೇಳಿದೆ. ಈ ಸೀಟು ಯಾವ ವರ್ಗಕ್ಕೆ ಮೀಸಲು? ಯಾವುದಕ್ಕೂ ಇಲ್ಲ, ಯಾರು ಬೇಕಾದರೂ ನಿಲ್ಲಬಹುದು ಎಂದರು. ಹಾಗಾದರೆ ಸಾಮಾನ್ಯ ಅಂದೆ. ಇದುವರೆಗೆ ಎಷ್ಟು ಜನ ಹೆಂಗಸರು ಕೂತಿದ್ದಾರೆ? ಒಬ್ಬರೂ ಇಲ್ಲ. ಬಿಳಿಯರಲ್ಲದವರು? ಒಬ್ಬರೇ, ಅದೂ ಗಂಡಸರು.

"ಸರಿ ಬುಡಿ, ನಮ್ಮೂರ ಸಾಮಾನ್ಯಾನೇ" ಅಂದೆ.

ಇದನ್ನು ದಾಟಿಸಲು ಶಾರದಕ್ಕನಿಗೆ ಬಹಳ ಹೊತ್ತು ಬೇಕಾಯಿತು. ಕಾನೂನಿನ ಪ್ರಕಾರ ಸಾಮಾನ್ಯ ಸೀಟು ಎಲ್ಲರದು. ನಮ್ಮೂರಲ್ಲಿ ಮಾತ್ರ ಆ ಮಾತು ಕೇಳಿದೊಡನೆ ಹೆಂಗಸರು ಒಲೆಯ ಕಡೆ ತಿರುಗುತ್ತಾರೆ, ನಮ್ಮ ಬೀದಿಯ ಗಂಡಸರು ಬೀಡಿ ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಸಾಮಾನ್ಯ ಅಂದರೆ ಮೇಲಿನ ಬೀದಿಯ ಗಂಡಸರದು ಎಂದು ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಲೊರೇನ್ ಮೊದಲು ನಕ್ಕರು, ಹೊಟ್ಟೆ ಹಿಡಿದು ನಕ್ಕರು. ಆಮೇಲೆ "ಸಾಮಾನ್ಯ, ಸಾಮಾನ್ಯ" ಎಂದು ಎರಡು ಸಲ ಹೇಳಿ ನೋಡಿ, ಆ ಪದವನ್ನು ತಾವು ಇಟ್ಟುಕೊಳ್ಳುವುದಾಗಿ ಹೇಳಿದರು.

ಎಲೆ ಉದುರುವ ಬೀದಿ

ಅಲ್ಲಿ ಓಟು ಕೇಳಲು ತಮಟೆ ಇಲ್ಲ, ಆಟೋಕ್ಕೆ ಕಟ್ಟಿದ ಮೈಕಿಲ್ಲ. ಇಬ್ಬರು ಮೂವರು ನಡೆದುಕೊಂಡು ಹೋಗಿ ಬಾಗಿಲು ತಟ್ಟುತ್ತಾರೆ. ಲೊರೇನ್ ಮುಂದೆ, ಶಾರದಕ್ಕ ಮತ್ತು ನಾನು ಹಿಂದೆ. ನಾನು ಪರದೇಶದವಳು, ನೋಡುವುದಷ್ಟೇ ನನ್ನ ಕೆಲಸ.

ಬೀದಿಯ ಎರಡೂ ಕಡೆ ದೊಡ್ಡ ಮರಗಳು, ಅರಿಸಿನ ಕುಂಕುಮದ ಬಣ್ಣದ ಎಲೆ. ಗಾಳಿಯಿಲ್ಲದಿದ್ದರೂ ಉದುರುತ್ತಲೇ ಇದ್ದವು, ನಿಧಾನವಾಗಿ, ನೀರಿನಲ್ಲಿ ಮುಳುಗುವ ಹಾಗೆ. ಮನೆಗಳ ಮುಂದೆ ಅಸ್ಥಿಪಂಜರ, ದೆವ್ವದ ಮುಖ, ಬಾಯಿ ತೆರೆದ ಕುಂಬಳಕಾಯಿ. ಹೊಸ ಮನೆಗೆ ದೃಷ್ಟಿಬೊಂಬೆ ಕಟ್ಟುವುದು ಇಲ್ಲೂ ಉಂಟಲ್ಲ ಎಂದು ನನಗೆ ಸಂತೋಷವಾಯಿತು. ಅದು ಅವರ ಹಬ್ಬವಂತೆ. ನಾವು ಆಯುಧಪೂಜೆಗೆ ಕುಂಬಳಕಾಯಿಗೆ ಕುಂಕುಮ ತುಂಬಿ ರಸ್ತೆಯಲ್ಲಿ ಒಡೆಯುತ್ತೇವೆ. ಅವರು ಕಣ್ಣು ಬಾಯಿ ಕೊರೆದು ಮೆಟ್ಟಿಲ ಮೇಲೆ ಕೂರಿಸುತ್ತಾರೆ. ದೃಷ್ಟಿಯ ಭಯ ಇಬ್ಬರಿಗೂ ಇದೆ.

ಮೊದಲ ಮನೆಯಲ್ಲಿ ಬಿಳಿಯ ಮುದುಕರೊಬ್ಬರು ಎಲೆ ಗುಡಿಸುತ್ತಿದ್ದರು. ಬಹಳ ಮರ್ಯಾದಸ್ಥರು, ನನ್ನ ಸೀರೆ ನೋಡಿ ಟೋಪಿ ತೆಗೆದರು. ಅವರು ಹೇಳಿದ್ದು, ಶಾರದಕ್ಕನ ಬಾಯಲ್ಲಿ: "ನಂದೇನೂ ಇಲ್ಲ ಕನವ್ವ. ಎಂಗ್ಸಾದ್ರೇನು, ಯಾವ ಬಣ್ಣ ಆದ್ರೇನು? ಆದ್ರೆ ಈ ಬೀದಿ ಜನ ಒಪ್ಪಾಕಿಲ್ಲ."

ಪಕ್ಕದ ಮನೆಯಲ್ಲಿ ಎಳೆಮಗುವನ್ನು ಸೊಂಟದಲ್ಲಿಟ್ಟುಕೊಂಡ ತಾಯಿ. "ನಾನೇ ಎಂಗ್ಸು, ನಂಗ್ಯಾಕೆ ಬ್ಯಾಡ? ಗಂಡಸ್ರು ಒಪ್ಪಾಕಿಲ್ಲ ಅಷ್ಟೇಯ."

ಅದರಾಚೆಯ ಮನೆಯಲ್ಲಿ ಲೊರೇನ್ ಅವರ ಬಣ್ಣದವರೇ ಒಬ್ಬರು ಗಂಡಸು. "ನಮ್ಮೋರೇ ನಿಂತವ್ರೆ, ನಂಗೆ ಕುಸಿ ಆಗಾಕಿಲ್ವಾ? ಆದ್ರೆ ಬಿಳಿಯೋರು ಒಪ್ಪಬೇಕಲ್ಲ. ಸುಮ್ನೆ ಓಟು ದಂಡ."

ಒಬ್ಬ ಕಾರ್ ರಿಪೇರಿಯವನು ಮಾತ್ರ ಬೇರೆ ಹೇಳಿದ. ಆ ಹೆಂಗಸಿನ ಪಕ್ಷ ಬಂದರೆ ತನಗೆ ಕಷ್ಟ, ಸಾಮಾನಿನ ಬೆಲೆ ನೋಡಿ, ಗಂಡಸು ನಿಂತಿದ್ದರೂ ಆ ಪಕ್ಷಕ್ಕೆ ಹಾಕುತ್ತಿರಲಿಲ್ಲ ಅಂದ. ಲೊರೇನ್ ಅವನ ಜೊತೆ ಚೆನ್ನಾಗಿ ವಾದ ಮಾಡಿದರು. ಬರುವಾಗ ಅವನ ಕೈ ಕುಲುಕಿದರು. ನನಗೂ ಅವನು ಹಿಡಿಸಿದ. ಅವನು ಬೇಡ ಅಂದದ್ದು ತನ್ನ ಬಾಯಿಂದ.

ಉಳಿದವರ ಬಾಯಲ್ಲಿ ಅದೇ ಮಾತು. ನಮಗೇನಿಲ್ಲ, ಅವರು ಒಪ್ಪಲ್ಲ. ಬಾಗಿಲು ಬಾಗಿಲಿಗೂ ಎಲ್ಲರೂ ಮುಂದಿನ ಮನೆಯ ಕಡೆ ಕೈ ತೋರಿಸುತ್ತಿದ್ದರು. ಎಲೆ ಬೀಳುತ್ತಲೇ ಇತ್ತು. ಈ ಬೀದಿಯಲ್ಲಿ ಎಲ್ಲೋ ಒಂದು ಮನೆಯಿದೆ, ಅದರಲ್ಲಿ ಒಬ್ಬ ಕೂತಿದ್ದಾನೆ, ಆ ಒಪ್ಪದವನು; ಅವನ ಬಾಗಿಲು ತಟ್ಟಿದರೆ ಎಲ್ಲ ಇತ್ಯರ್ಥವಾಗುತ್ತದೆ ಎಂದು ನಾನು ನಡೆಯುತ್ತಿದ್ದೆ. ನಡೆಯುತ್ತ ನಡೆಯುತ್ತ ಅದು ನಮ್ಮೂರ ಮೇಲಿನ ಬೀದಿಯೇ ಆಗಿಹೋಯಿತು, ಜಗಲಿಯ ಮೇಲೆ ಕೂತವರ ಮುಖಗಳೂ ಗುರುತಿನವೇ ಅನ್ನಿಸಿದವು. ಕೊನೆಗೆ ಬೀದಿ ಮುಗಿಯಿತು. ಅಲ್ಲಿದ್ದದ್ದು ಕಟಾವಾದ ಒಂದು ಜೋಳದ ಹೊಲ, ಅದರಲ್ಲಿ ಕಾಗೆ.

"ಆ ಒಪ್ಪದೆ ಇರೋರು ಯಾವ್ ಮನೇಲವ್ರೆ?" ಎಂದು ಕೇಳಿದೆ.

ಲೊರೇನ್ ಹೊಲದ ಕಡೆ ಕೈ ತೋರಿಸಿದರು.

ಆ ಬೀದಿಯಲ್ಲಿ ಲೊರೇನ್ ಮಾಡಿದ ಇನ್ನೊಂದು ಕೆಲಸ ಹೇಳಬೇಕು. ಯಾರಾದರೂ "ನಂದೇನಿಲ್ಲ, ಪಕ್ಕದವರು ಒಪ್ಪಲ್ಲ" ಅಂದರೆ ಅವರು ನಗುತ್ತಲೇ ಒಂದು ಪ್ರಶ್ನೆ ಕೇಳುತ್ತಿದ್ದರು. "ಅಂಗಾರೆ ನೀವು ಒಪ್ಪೀರಿ ಅಂತ ನಿಮ್ಮೆಸ್ರು ತಕಂಡು ಪಕ್ಕದ ಮನೇಲಿ ಯೋಳ್ಲಾ?" ಅಷ್ಟು ಹೊತ್ತು ನಗುತ್ತಿದ್ದ ಮುಖಗಳು ಆಗ ಬದಲಾಗುವುದನ್ನು ನೋಡಬೇಕಿತ್ತು. ಟೋಪಿ ತೆಗೆದಿದ್ದ ಮುದುಕರು ಮತ್ತೆ ಟೋಪಿ ಹಾಕಿಕೊಂಡು, ನನ್ನ ಹೆಸರು ಯಾಕೆ, ಬೇಡ ಅಂದರು. ಮಗುವಿನ ತಾಯಿ ಮಾತ್ರ ಬಹಳ ಹೊತ್ತು ಮಗುವಿನ ತಲೆ ಸವರುತ್ತ ನಿಂತಿದ್ದು, "ಯೋಳಿ" ಅಂದಳು. ಲೊರೇನ್ ಮೂರನೆಯ ಮನೆಯಲ್ಲಿ ಅವಳ ಹೆಸರು ಹೇಳಿದರು. ಓಟು ದಂಡ ಎಂದಿದ್ದ ಆ ಗಂಡಸು ಎರಡು ಮನೆಗಳ ನಡುವಿನ ಹುಲ್ಲನ್ನು ದಿಟ್ಟಿಸಿ, "ಆ ಉಡುಗೀನಾ? ದಿಟವಾ?" ಎಂದು ಕೇಳಿದ.

ಫೋನು

ಲೊರೇನ್, ಶಾರದಕ್ಕ, ನಾನು ಅಡುಗೆಮನೆಯಲ್ಲಿ ಬೆಳಗಿನ ಕಾಫಿಗೆ ಕೂತಿದ್ದಾಗ ಫೋನು ಬಂತು. ಅಲ್ಲಿ ಬೆಳಿಗ್ಗೆ, ನಮ್ಮೂರಲ್ಲಿ ಸಂಜೆ. ಸಿದ್ದರಾಜು ಮಾತಿನ ಹಿಂದೆ ಹಟ್ಟಿಗೆ ಬರುವ ದನಗಳ ಗಂಟೆ ಕೇಳುತ್ತಿತ್ತು.

"ಮೀಸಲಾತಿ ಪಟ್ಟಿ ಬಂತು ಕಣಮ್ಮಿ. ನಮ್ ವಾರ್ಡು ಸಾಮಾನ್ಯ ಆಯ್ತು. ಮುಗೀತು ಬುಡು."

"ಏನ್ ಮುಗೀತು? ಸಾಮಾನ್ಯ ಅಂದ್ರೆ ಯಾರ್ ಬೇಕಾದ್ರೂ ನಿಲ್ಬೌದು. ನಾನು ನಿಲ್ತೀನಿ."

"ನಂದೇನೂ ಇಲ್ಲ ಕಣಮ್ಮಿ. ಊರವ್ರು ಒಪ್ಪಾಕಿಲ್ಲ" ಅಂದರು.

ನ್ಯಾಯವಾಗಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯವಾಯಿತು. ಸಮುದ್ರ ದಾಟಿ ಬಂದು ಆ ಎಲೆ ಬೀದಿಯಲ್ಲಿ ಕೇಳಿದ ಮಾತು ನನಗಿಂತ ಮುಂಚೆ ಊರಿಗೆ ಹೋಗಿ ನನ್ನ ಮನೆಯಲ್ಲೇ ಕೂತಿತ್ತು. ಸಿದ್ದರಾಜು ಕೆಟ್ಟವರಲ್ಲ. ನಾನು ಸಭೆಗೆ ಹೋದಾಗ ಮುದ್ದೆ ತಿರುವಿ ಇಡುವವರು, ಅಧ್ಯಕ್ಷರ ಗಂಡ ಎಂದು ಕಚೇರಿಯಲ್ಲಿ ಎಂದೂ ಕುರ್ಚಿ ಎಳೆದು ಕೂತವರಲ್ಲ. ಅಂಥವರ ಬಾಯಲ್ಲೂ ಅದೇ.

ನನ್ನ ಮುಖ ನೋಡಿ ಲೊರೇನ್ ಎದ್ದರು. ಹೂವಿನ ಚಿತ್ರವಿದ್ದ ಒಂದು ಹಳೆಯ ಪಿಂಗಾಣಿ ಲೋಟ ತೆಗೆದು ಕಾಫಿ ತುಂಬಿ ನನ್ನ ಕೈಗೆ ಕೊಟ್ಟರು. ಅವರ ತಾಯಿಯ ಲೋಟವಂತೆ. ಅವರ ತಾಯಿ ದುಡಿಯುತ್ತಿದ್ದ ಬಿಳಿಯರ ಮನೆಗಳಲ್ಲಿ ಆಕೆಗೆ ಬೇರೆ ಲೋಟ ಇರುತ್ತಿತ್ತಂತೆ, ಹಿತ್ತಿಲ ಬಾಗಿಲ ಬಳಿ, ಮೊಳೆಗೆ ನೇತುಹಾಕಿ. ಹಾಗಾಗಿ ಆಕೆ ಸ್ವಂತ ದುಡ್ಡಿನಲ್ಲಿ ಕೊಂಡ ಮೊದಲ ವಸ್ತು ಈ ಲೋಟ. ನಾನು ನಮ್ಮ ಕಚೇರಿಯ ಪೇಪರ್ ಲೋಟದ ಕತೆ ಹೇಳಿದೆ. ದಾಟಿಸುತ್ತ ದಾಟಿಸುತ್ತ ಶಾರದಕ್ಕ ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡರು. "ನಮ್ಮನೇಲೂ ಕೂಲಿಯೋರ್ಗೆ ಅಂತ ಬ್ಯಾರೆ ಲೋಟ ಇತ್ತು ಕನವ್ವ, ದನದ ಹಟ್ಟೀಲಿ" ಅಂದರು, ಇದನ್ನು ಲೊರೇನ್‌ಗೆ ದಾಟಿಸಲಿಲ್ಲ.

ಆಮೇಲೆ ಲೊರೇನ್ ತಮ್ಮ ಕತೆ ಹೇಳಿದರು. ಕೆಲವು ವರ್ಷಗಳ ಹಿಂದೆ ಅವರ ಗೆಳತಿ, ಕರಿಯ ಹೆಂಗಸು, ಆ ಊರಿನ ಮೇಯರ್ ಸ್ಥಾನಕ್ಕೆ ನಿಂತಿದ್ದರಂತೆ. "ಅವ್ಳಂತಾ ಆಳು ಈ ಊರಲ್ಲಿ ಇರ್ನಿಲ್ಲ. ಆದ್ರೆ ಬಿಳಿಯೋರು ಒಪ್ಪಾಕಿಲ್ಲ, ಯಾಕೆ ಓಟು ದಂಡ ಮಾಡೋದು ಅಂತ ನಾನು ಬ್ಯಾರೆಯವ್ರಿಗೆ ಹಾಕ್ದೆ. ಅವ್ಳು ಸೋತ್ಲು. ಮುಂದಿನ ಭಾನುವಾರ ಚರ್ಚಲ್ಲಿ ಒಬ್ಬೊಬ್ರೇ ಬಂದು ನನ್ ಕಿವೀಲಿ ಅದ್ನೇ ಯೋಳುದ್ರು. ನಾವು ಒಪ್ಪಿದ್ವಿ ಲೊರೇನು, ಬ್ಯಾರೆಯವ್ರು ಒಪ್ಪಾಕಿಲ್ಲ ಅಂತ ಹಾಕ್ನಿಲ್ಲ. ಅವ್ಳನ್ನ ಸೋಲ್ಸಿದ್ದು ಬೇಡ ಅಂದೋರಲ್ಲ ಕನವ್ವ, ಒಪ್ಪಿದ ನಾವೇಯ."

ಅಂದಿನಿಂದಲೇ ಅವರು ಬಾಗಿಲುಗಳಲ್ಲಿ ಆ ಪ್ರಶ್ನೆ ಕೇಳಲು ಶುರು ಮಾಡಿದ್ದು.

ಓಟಿನ ದಿನ, ಅದರ ಮಾರನೆಯ ದಿನ

ಓಟು ಹಾಕಿ ಬಂದವರ ಬೆರಳುಗಳನ್ನೇ ನಾನು ನೋಡುತ್ತಿದ್ದೆ. ಯಾರ ಉಗುರಿಗೂ ಶಾಯಿ ಇಲ್ಲ. ಎದೆಯ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿಕೊಳ್ಳುತ್ತಾರೆ, ಓಟು ಹಾಕಿದೆ ಎಂದು. ಚೀಟಿ ಕಿತ್ತು ಇನ್ನೊಂದು ಸಲ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಲೊರೇನ್ ತಮ್ಮ ಚೀಟಿಯನ್ನು ಕಿತ್ತು ನನ್ನ ಸೆರಗಿಗೆ ಅಂಟಿಸಿದರು. ಇಡೀ ದಿನ ಅದು ನನ್ನ ಮೇಲಿತ್ತು. ಅಂಗಡಿಯಲ್ಲಿ, ಹೊಳೆಯ ದಂಡೆಯಲ್ಲಿ ಕಂಡವರೆಲ್ಲ ನನ್ನನ್ನು ನೋಡಿ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ. ಆ ದಿನ ಮಂಜು ಸರಿದು ಬಿಸಿಲು ಬಿದ್ದಿತ್ತು, ಏನು ಬೇಕಾದರೂ ಆಗಬಹುದು ಅನ್ನಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ ಲೊರೇನ್ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಕೇಳುವುದು ಬೇಕಾಗಲಿಲ್ಲ. ಆ ಹೆಂಗಸು ಸೋತಿದ್ದರು. ಹೊರಗೆ ಒಂದು ಟ್ರಕ್ಕು ಬಾವುಟ ಹಾರಿಸುತ್ತ ಹಾರನ್ ಬಾರಿಸಿಕೊಂಡು ಹೋಯಿತು. ಗೆದ್ದವರ ಸಂತೋಷ ಎಲ್ಲ ಕಡೆಯೂ ಒಂದೇ ಥರ. ಆ ಕಾರ್ ರಿಪೇರಿಯವನೂ ಸಂತೋಷವಾಗಿದ್ದಿರಬೇಕು, ಅವನ ಮೇಲೆ ನನಗೆ ಬೇಸರವಿಲ್ಲ.

ಯಾಕೆ ಸೋತರು ಎಂದು ಟಿವಿಯಲ್ಲಿ ದಿನವಿಡೀ ಮಾತಾಡಿದರು. ಬೆಲೆ ಅಂದರು, ಗಡಿ ಅಂದರು, ಪಕ್ಷ ಅಂದರು. ಎಲ್ಲವೂ ಇದ್ದೀತು. ಬಣ್ಣ ಎಷ್ಟು, ಹೆಣ್ಣು ಎಂಬುದು ಎಷ್ಟು ಎಂದು ಶಾರದಕ್ಕನ ಮೂಲಕ ಲೊರೇನ್‌ರನ್ನು ಕೇಳಿದೆ. ಅವರು ಗೊತ್ತಿಲ್ಲ ಅಂದರು. ನನಗೂ ಗೊತ್ತಾಗಲಿಲ್ಲ. ಸಾರಿಗೆ ಬಿದ್ದ ಉಪ್ಪನ್ನು ಯಾರೂ ಬೇರೆ ಮಾಡಿ ತೋರಿಸಲಾರರು, ಆದರೆ ಬಾಯಿಗೆ ತಿಳಿಯುತ್ತದೆ.

ಹೊರಡುವ ದಿನ ಲೊರೇನ್ ನನ್ನನ್ನು ಎದೆಗೆ ಒತ್ತಿಕೊಂಡು, "ಮೇಡಂ-ಅ, ಸಾಮಾನ್ಯ" ಅಂದರು. ಆ ಎರಡೇ ಪದ, ಶಾರದಕ್ಕನ ಸಹಾಯವಿಲ್ಲದೆ. ನನಗೆ ಅಳು ತಡೆಯಲಾಗಲಿಲ್ಲ. ಚಟ್ನಿಪುಡಿಯ ಡಬ್ಬಿಯನ್ನು ಅವರಿಗೇ ಕೊಟ್ಟು ಬಂದೆ.

ನಮ್ಮ ಮನೆ ಬಾಗಿಲು

ಲೊಕ್ಕನಹಳ್ಳಿಯ ಕಡೆಯ ಬಸ್ಸು ಇಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಕಾಡಿನ ಕಡೆಯಿಂದ ತಣ್ಣನೆಯ ಗಾಳಿ, ಹೊಲದಲ್ಲಿ ರಾಗಿ ತೆನೆ ಬಾಗಿತ್ತು. ತಲೆಯಲ್ಲಿ ಇನ್ನೂ ವಿಮಾನದ ಸದ್ದು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತೆ ನಡೆದೆ. ಶಾಲೆಯ ತಿರುವಿನಲ್ಲಿ ಪೈಪುಗಳು ಬಿದ್ದಲ್ಲೇ ಬಿದ್ದಿದ್ದವು, ಒಂದರ ಬಾಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

ಮನೆ ಬಾಗಿಲು ತೆರೆದೇ ಇತ್ತು. ನಾನು ಒಳಗೆ ಹೋಗಲಿಲ್ಲ. ಚೀಲ ಕೆಳಗಿಟ್ಟು, ತೆರೆದ ಬಾಗಿಲನ್ನು ಬೆರಳಿನಿಂದ ತಟ್ಟಿದೆ.

ಸಿದ್ದರಾಜು ಹೊರಗೆ ಬಂದರು. ಮುಖ ಅರಳಿತು. "ಬಂದ್ಯಾ! ಯಾಕಲ್ಲೇ ನಿಂತ್ಕಂಡೆ? ಬಾ ಒಳೀಕೆ."

"ನಮಸ್ಕಾರ. ನಾನು ಮಾದಮ್ಮ ಅಂತ. ನಿಮ್ ವಾರ್ಡಿನ ಸಾಮಾನ್ಯ ಸೀಟಿಗೆ ನಿಂತೀವ್ನಿ. ನಿಮ್ ಓಟು ನಂಗೇ ಕೊಡ್ಬೇಕು."

"ತಲೆ ಗಿಲೆ ಕೆಟ್ಟದಾ ನಿಂಗೆ?" ಎಂದು ನಗಲು ಹೋದರು. ನಾನು ನಗಲಿಲ್ಲ. ಅವರ ನಗು ನಿಂತಿತು. ತಲೆ ಕೆರೆದುಕೊಂಡು, "ನಂದೇನೂ ಇಲ್ಲ ಅಂದ್ನಲ್ಲ ಅವತ್ತೇ. ಊರವ್ರು…"

"ಅಂಗಾರೆ ನೀವು ಒಪ್ಪೀರಿ. ನಿಮ್ಮೆಸ್ರು ತಕಂಡು ಪಕ್ಕದ ಮನೇಲಿ ಯೋಳ್ಲಾ?"

ಎಲೆ ಬೀದಿಯಲ್ಲಿ ಅಷ್ಟೊಂದು ಮುಖಗಳ ಮೇಲೆ ನಾನು ಕಂಡಿದ್ದ ನೆರಳು ನನ್ನ ಗಂಡನ ಮುಖದ ಮೇಲೂ ಬಂತು. ಅವರು ಬೀದಿಯ ಈ ತುದಿ ನೋಡಿದರು, ಆ ತುದಿ ನೋಡಿದರು. ನಾಳೆ ಮೇಲಿನ ಬೀದಿಯವರ ಹೊಲಕ್ಕೆ ಕೂಲಿಗೆ ಕರೆಯುತ್ತಾರೋ ಇಲ್ಲವೋ ಎಂಬುದೂ ಆ ನೋಟದಲ್ಲಿತ್ತು, ನನಗೆ ಗೊತ್ತು. ಬೇಡ ಅಂದರೆ ಏನು ಮಾಡಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ.

ಅವರು ಜಗಲಿಯ ತುದಿಗೆ ಹೋಗಿ, ಪಕ್ಕದ ಮನೆಯ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. "ಲೇ ಮಾದಪ್ಪಾ! ನಮ್ಮೋಳು ಸಾಮಾನ್ಯಕ್ಕೆ ನಿಂತವ್ಳೆ ಕಣ್ಲಾ! ನಾನು ಒಪ್ಪೀವ್ನಿ!"

ಗೋಡೆಯಾಚೆ ಮಾದಪ್ಪನ ತಲೆ ಕಾಣಿಸಿತು. ನನ್ನನ್ನು ನೋಡಿದ, ಸಿದ್ದರಾಜುವನ್ನು ನೋಡಿದ. "ನಂದೇನೂ ಇಲ್ಲ ಕಣಣ್ಣ" ಅಂದ, "ಆದ್ರೆ ಮೇಲಿನ ಬೀದಿಯವ್ರು ಒಪ್ಪಾಕಿಲ್ವಲ್ಲ."

ನಾನು ಚೀಲವನ್ನು ಜಗಲಿಯ ಮೇಲೆ ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಬಾಗಿಲ ಕಡೆ ನಡೆದೆ. ಹಿಂದೆ ಸಿದ್ದರಾಜು ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು ಕೇಳಿಸಿತು.